ಗೋಡೆಯ ಮೇಲಿದ್ದವರು, ಪೆಟ್ಟಿಗೆಯಲ್ಲಿದ್ದವರು

ಕಳೆದ ವರ್ಷ ದೀಪಾವಳಿಗೆ ಮುಂಚೆ ಊರಮನೆಯ ಜಗಲಿಗೆ ಸುಣ್ಣ ಬಳಿಸಬೇಕೆಂದು ಗೋಡೆಯ ಮೇಲಿದ್ದ ಫೋಟೊಗಳನ್ನೆಲ್ಲ ಇಳಿಸಿದೆವು. ನಮ್ಮದು ತೀರ್ಥಹಳ್ಳಿ ಕಡೆಯ ಹಳ್ಳಿ. ಮಳೆಗಾಲದ ನಾಲ್ಕು ತಿಂಗಳು ಅಲ್ಲಿನ ಗೋಡೆಗಳು ಬೆವರುತ್ತಲೇ ಇರುತ್ತವೆ. ಚಪ್ಪಲಿಗೆ, ಬೆಲ್ಟಿಗೆ, ಕೊಡೆಯ ಹಿಡಿಗೆ ಬೂಷ್ಟು ಬರುವುದು ನಮಗೆ ಸುದ್ದಿಯೇ ಅಲ್ಲ. ಹಾಗಾಗಿ ಅಜ್ಜನ ಫೋಟೊದ ಗಾಜಿನೊಳಗೆ ಬಿಳಿ ಚುಕ್ಕೆಗಳು ಕಾಣಿಸಿಕೊಂಡಾಗ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಒರೆಸಿದರೆ ಹೋಗುತ್ತದೆ ಎಂದುಕೊಂಡಿದ್ದೆವು.

ಇಳಿಸಿ ನೋಡಿದಾಗ ಗೊತ್ತಾಯಿತು, ಚುಕ್ಕೆಗಳಿದ್ದದ್ದು ಫೋಟೊದ ಮೇಲೆಯೇ. ಹಿಂದಿನ ಹಲಗೆ ಮೆತ್ತಗಾಗಿ ಬೆರಳಿಗೆ ಪುಡಿಪುಡಿಯಾಗಿ ಬರುತ್ತಿತ್ತು. ಫೋಟೊ ಗಾಜಿಗೆ ಅಂಟಿಕೊಂಡಿತ್ತು. ಪೇಟೆಯ ಒಂದು ಸ್ಟುಡಿಯೊಗೆ ಕೊಂಡೊಯ್ದೆ. ಅಲ್ಲಿನವರು ‘ಬಿಡಿಸಿ ಕೊಡ್ತೇವೆ’ ಅಂದರು. ಸಂಜೆ ಹೋದಾಗ ಅಜ್ಜನ ಪಂಚೆ, ಕೋಟು, ಕೈಯಲ್ಲಿದ್ದ ಕೊಡೆ ಕಾಗದದ ಮೇಲೆ ಉಳಿದಿದ್ದವು. ಮುಖ ಗಾಜಿನ ಜೊತೆ ಹೋಗಿತ್ತು. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಕೊಟ್ಟವನು ನಾನು. ನಲವತ್ತು ವರ್ಷ ಅದನ್ನು ಆ ಗೋಡೆಗೆ ಒರಗಿಸಿ ಇಟ್ಟವರು ನಾವು.

ಆಮೇಲೆ ಕೂತು ಓದಿದೆ. ಹಳೆಯ ಕಪ್ಪು-ಬಿಳುಪು ಫೋಟೊದಲ್ಲಿ ಚಿತ್ರ ನೇರವಾಗಿ ಕಾಗದದ ಮೇಲೆ ಇರುವುದಿಲ್ಲ. ಕಾಗದದ ಮೇಲೆ ಜೆಲಟಿನ್ ಎಂಬ ತೆಳುವಾದ ಪದರವಿರುತ್ತದೆ. ದನದ ತೊಗಲು, ಮೂಳೆಗಳಿಂದ ತೆಗೆದ ಒಂದು ಬಗೆಯ ಅಂಟು ಅದು. ಆ ಅಂಟಿನೊಳಗೆ ಬೆಳ್ಳಿಯ ಸೂಕ್ಷ್ಮ ಕಣಗಳು ಹುದುಗಿರುತ್ತವೆ. ನಾವು ಅಜ್ಜನ ಮೀಸೆ ಎಂದು ನೋಡುವುದು ಆ ಬೆಳ್ಳಿಯನ್ನು. ತೇವ ಹೆಚ್ಚಿದಾಗ ಜೆಲಟಿನ್ ನೀರು ಕುಡಿದು ಉಬ್ಬುತ್ತದೆ, ಮೆತ್ತಗಾಗುತ್ತದೆ, ಮುಟ್ಟಿದ್ದಕ್ಕೆ ಅಂಟುತ್ತದೆ. ಬೂಷ್ಟಿಗೆ ಅದು ಒಳ್ಳೆಯ ಆಹಾರ. ಪುಸ್ತಕ ತಿನ್ನುವ ಬೆಳ್ಳಿ ಬಣ್ಣದ ಹುಳಕ್ಕೂ ಅಷ್ಟೇ. ಗಾಜಿಗೂ ಫೋಟೊಗೂ ನಡುವೆ ಒಂದು ದಪ್ಪ ಕಾಗದದ ಅಂಚು ಕೊಟ್ಟು ಕೂದಲೆಳೆಯಷ್ಟು ಜಾಗ ಬಿಟ್ಟಿದ್ದರೆ, ಹಿಂದೆ ಅಗ್ಗದ ಹಲಗೆ ಇಲ್ಲದಿದ್ದರೆ, ಹೊರಗೋಡೆಯ ಬದಲು ಒಳಗೋಡೆಗೆ ತೂಗುಹಾಕಿದ್ದರೆ ಅಜ್ಜನ ಮುಖ ಇನ್ನೂ ಎಷ್ಟೋ ವರ್ಷ ಇರುತ್ತಿತ್ತು. ಅಂಟಿದ ಫೋಟೊವನ್ನು ಎಂದೂ ಎಳೆದು ಬಿಡಿಸಬಾರದು, ಗಾಜಿನ ಮೇಲಿಂದಲೇ ಮೊದಲು ಸ್ಕ್ಯಾನ್ ಮಾಡಿಕೊಳ್ಳಬೇಕು ಎಂಬುದೂ ಗೊತ್ತಾಯಿತು. ಎಲ್ಲ ಗೊತ್ತಾದದ್ದು ಆದ ಮೇಲೆ.

ಆ ಫೋಟೊಗೆ ನಾವು ಅನಾದರ ಮಾಡಿದ್ದೆವೇ? ಖಂಡಿತ ಇಲ್ಲ. ಮನೆಯಲ್ಲಿ ಎಲ್ಲಕ್ಕಿಂತ ಮರ್ಯಾದೆ ಸಿಕ್ಕಿದ್ದು ಅದಕ್ಕೇ. ಬಾಗಿಲಿಗೆ ಎದುರು ಜಾಗ, ಗಂಧದ ಹಾರ, ಹಬ್ಬಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸುವುದು, ಗಾಜಿನ ಮೇಲೆ ಗಂಧದ ಬೊಟ್ಟು, ಮುಂದೆ ಊದುಬತ್ತಿ. ಒದ್ದೆ ಬಟ್ಟೆಯ ನೀರು ಚೌಕಟ್ಟಿನ ಸಂದಿಯಲ್ಲಿ ಇಳಿಯುತ್ತಿತ್ತು, ಬೆಳಗಿನ ಬಿಸಿಲು ನೇರ ಮುಖಕ್ಕೆ ಬೀಳುತ್ತಿತ್ತು. ಭಕ್ತಿಯಿಂದಲೇ ಅದನ್ನು ಹಾಳು ಮಾಡಿದೆವು ಎಂದರೆ ತಪ್ಪಾಗದು.

ಅದೇ ವಾರ ನಡುಮನೆಯ ಮರದ ಪೆಟ್ಟಿಗೆಯನ್ನೂ ಸರಿಸಬೇಕಾಯಿತು. ಅಜ್ಜಿ ತೀರಿಕೊಂಡದ್ದು 2009ರಲ್ಲಿ. ಆಮೇಲೆ ಆ ಪೆಟ್ಟಿಗೆಯನ್ನು ಯಾರೂ ತಳದವರೆಗೆ ತೆಗೆದು ನೋಡಿರಲಿಲ್ಲ. ತಳದಲ್ಲಿ ಒಂದು ಹಳೆಯ ಹತ್ತಿ ಸೀರೆ, ಒಗೆದೊಗೆದು ಮಲ್ಲಿನಂತೆ ಆಗಿದ್ದದ್ದು, ನಾಲ್ಕು ಮಡಿಕೆಯಾಗಿ ಕೂತಿತ್ತು. ಒಳಗೊಂದು ಫೋಟೊ. ಚೌಕಟ್ಟಿಲ್ಲ, ಗಾಜಿಲ್ಲ. ಅಂಚುಗಳಲ್ಲಿ ಕನ್ನಡಿಯಂಥ ಹೊಳಪು ಬಂದಿತ್ತು. ಬೆಳ್ಳಿ ಮೇಲ್ಪದರಕ್ಕೆ ಬಂದಾಗ ಹಾಗಾಗುತ್ತದಂತೆ. ಒಂದು ಮೂಲೆಯನ್ನು ಹುಳ ತಿಂದಿತ್ತು. ಉಳಿದದ್ದೆಲ್ಲ ನಿನ್ನೆ ತೆಗೆಸಿದ ಹಾಗೆ.

ಹಿಂದೆ ಕಂಬಗಳು, ಮೆಟ್ಟಿಲುಗಳು ಇರುವ ಬಣ್ಣದ ಪರದೆ. ಕುರ್ಚಿಯಲ್ಲಿ ಅಜ್ಜ, ಮೀಸೆ ಇನ್ನೂ ಸರಿಯಾಗಿ ಚಿಗುರದ ವಯಸ್ಸು. ಪಕ್ಕದಲ್ಲಿ ಒಬ್ಬ ಹುಡುಗಿ ನಿಂತಿದ್ದಾಳೆ. ಹದಿನೈದು, ಹದಿನಾರು ಇರಬಹುದು. ಒಂದು ಕೈ ಕುರ್ಚಿಯ ಬೆನ್ನಿನ ಮೇಲೆ, ಬೆರಳುಗಳು ಅಜ್ಜನ ಭುಜಕ್ಕೆ ತಾಗಿಯೂ ತಾಗದಂತೆ. ಕ್ಯಾಮೆರಾ ನೋಡುವ ಬದಲು ಅದರ ಪಕ್ಕ ನಿಂತ ಯಾರನ್ನೋ ನೋಡುತ್ತಿದ್ದಾಳೆ. ಅವಳು ನಮ್ಮ ಅಜ್ಜಿಯಲ್ಲ.

ಅತ್ತೆಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ತುಂಬ ಹೊತ್ತು ನೋಡಿದರು. ‘ಮೊದಲಿನವರು’ ಅಂದರು. ಅಷ್ಟೇ. ಮದುವೆಯಾಗಿ ಎರಡು ವರ್ಷಕ್ಕೆ ಬಾಣಂತನದಲ್ಲಿ ಹೋದರಂತೆ, ಮಗುವೂ ಉಳಿಯಲಿಲ್ಲವಂತೆ. ಹೆಸರು? ‘ನಂಗೆ ಗೊತ್ತಿಲ್ಲ ಮಾರಾಯ. ಅಮ್ಮ ಯಾವತ್ತೂ ಹೆಸರು ಹಿಡಿದು ಹೇಳಿದ್ದೇ ಇಲ್ಲ. ಮೊದಲಿನವರು ಅಂತಲೇ ಅಂತಿದ್ಳು.’ ಅಪ್ಪನಿಗೂ ಗೊತ್ತಿರಲಿಲ್ಲ. ಎಪ್ಪತ್ತು ವರ್ಷ ದಾಟಿದ ಇಬ್ಬರು ಮಕ್ಕಳಿಗೆ, ತಮ್ಮ ತಂದೆಯ ಮೊದಲ ಹೆಂಡತಿಯ ಹೆಸರು ಗೊತ್ತಿಲ್ಲ. ನನಗೆ ಅಜ್ಜಿ ಹೋಗುವಾಗ ಇಪ್ಪತ್ತಾಗಿತ್ತು. ಕೇಳಬಹುದಿತ್ತು. ಕೇಳಬೇಕಾದದ್ದು ಇದೆ ಎಂಬುದೇ ಗೊತ್ತಿರಲಿಲ್ಲ.

ನನ್ನನ್ನು ಕಾಡತೊಡಗಿದ ಪ್ರಶ್ನೆ ಇದು: ಈ ಫೋಟೊವನ್ನು ಅಜ್ಜಿ ಬಚ್ಚಿಟ್ಟಳೋ, ಕಾಪಾಡಿದಳೋ? ಸವತಿಯ ಮುಖ ಗೋಡೆಯ ಮೇಲೆ ಇರುವುದು ಬೇಡ ಎಂದು ಅವಳಿಗೆ ಅನ್ನಿಸಿದ್ದರೆ ಅದರಲ್ಲಿ ತಪ್ಪು ಹುಡುಕುವುದು ಕಷ್ಟ. ಹದಿನಾರರ ಹುಡುಗಿಯಾಗಿ ಆ ಮನೆಗೆ ಬಂದವಳು ಅವಳೂ. ಆದರೆ ಬೇಡದ ಕಾಗದವನ್ನು ಒಲೆಗೆ ಹಾಕುವುದು ಆ ಮನೆಯಲ್ಲಿ ಎಷ್ಟು ಹೊತ್ತಿನ ಕೆಲಸ? ಅವಳು ಹಾಕಲಿಲ್ಲ. ಹರಿದು ಅರ್ಧ ಮಾಡಿ ಗಂಡನ ಭಾಗ ಮಾತ್ರ ಇಟ್ಟುಕೊಳ್ಳಲಿಲ್ಲ. ತನ್ನ ಸೀರೆಯಲ್ಲೇ ಸುತ್ತಿ, ಹೊರಗೋಡೆಯಿಂದ ದೂರ, ನಡುಮನೆಯ ಪೆಟ್ಟಿಗೆಯಲ್ಲಿ, ಕತ್ತಲಲ್ಲಿ ಇಟ್ಟಳು. ಚೆನ್ನಾಗಿ ಒಗೆದ ಹತ್ತಿ ಬಟ್ಟೆ, ಕತ್ತಲು, ಒಣ ಜಾಗ, ಬೇರೇನೂ ಒತ್ತದ ಸ್ಥಿತಿ. ಇಂದಿನ ತಜ್ಞರನ್ನು ಕೇಳಿದರೂ ಹೆಚ್ಚುಕಮ್ಮಿ ಇದನ್ನೇ ಹೇಳುತ್ತಾರೆ. ಜೆಲಟಿನ್ ವಿಚಾರ ಅವಳಿಗೆ ಗೊತ್ತಿರಲಿಲ್ಲ. ಮಳೆಗಾಲ ಗೊತ್ತಿತ್ತು. ಹಪ್ಪಳ, ಬಾಳಕ, ಬೀಜದ ಬತ್ತ, ಮದುವೆಯ ಸೀರೆ ಎಲ್ಲವನ್ನೂ ಮಳೆಯಿಂದ ಉಳಿಸಿಕೊಂಡವಳು ಅವಳು.

ಕನ್ನಡದಲ್ಲಿ ‘ಕಾಪಿಡು’ ಎಂಬ ಒಳ್ಳೆಯ ಮಾತಿದೆ. ಕಾಪು ಮತ್ತು ಇಡು. ಇಟ್ಟರೆ ಸಾಲದು, ಕಾಯಬೇಕು. ನಾವು ಅಜ್ಜನ ಫೋಟೊವನ್ನು ಎಲ್ಲರಿಗೂ ಕಾಣುವಂತೆ ಇಟ್ಟಿದ್ದೆವು, ಕಾಯಲಿಲ್ಲ. ಅಜ್ಜಿ ಯಾರಿಗೂ ಕಾಣದಂತೆ ಇಟ್ಟಳು, ಕಾದಳು. ಮನಸ್ಸಿನಲ್ಲಿ ಏನಿತ್ತೋ, ಕೈ ಮಾಡಿದ ಕೆಲಸ ಅದು.

ಕೆಡುವ ಫೋಟೊಗಳ ವಿಷಯದಲ್ಲಿ ಹೊಣೆಯನ್ನು ಗುರುತಿಸುವುದು ಕಷ್ಟ. ಒಂದು ಪಾತ್ರೆ ಒಡೆದರೆ ಒಡೆದ ದಿನ ಇರುತ್ತದೆ, ಒಡೆದ ಕೈ ಇರುತ್ತದೆ. ಬೂಷ್ಟು ಹಿಡಿದ ಫೋಟೊಗೆ ಅಂಥ ದಿನವೇ ಇಲ್ಲ. ಮೂವತ್ತು ನಲವತ್ತು ಮಳೆಗಾಲಗಳು ಸೇರಿ, ಮನೆಯ ಹತ್ತು ಜನರೂ ಸೇರಿ, ಯಾರೂ ಏನೂ ಮಾಡದೆ ಅದು ಹಾಳಾಗುತ್ತದೆ. ‘ಯಾರೂ ಮಾಡಲಿಲ್ಲ’ ಎಂಬುದೇ ಅದರ ಕಾರಣವೂ ಹೌದು, ನಮ್ಮ ಸಮಜಾಯಿಷಿಯೂ ಹೌದು.

ಇಷ್ಟಕ್ಕೂ ಒಂದು ಕಾಗದಕ್ಕೆ ಇಷ್ಟೇಕೆ ಎಂದು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ಸತ್ತವರಿಗೆ ತಮ್ಮ ಫೋಟೊ ಕೆಟ್ಟದ್ದು ತಿಳಿಯುವುದಿಲ್ಲ. ನಮ್ಮ ಶ್ರಾದ್ಧದ ಪದ್ಧತಿಯಲ್ಲೇ ಹೆಸರು ಹೇಳಿ ಪಿಂಡ ಇಡುವುದು ಮೂರು ತಲೆಮಾರಿಗೆ ಮಾತ್ರ: ತಂದೆ, ಅಜ್ಜ, ಮುತ್ತಜ್ಜ. ಅಲ್ಲಿಂದಾಚೆಯವರು ಹೆಸರಿಲ್ಲದ ಪಿತೃಗಳ ಗುಂಪಿಗೆ ಸೇರಿಬಿಡುತ್ತಾರೆ. ಮನುಷ್ಯನ ನೆನಪು ಎಷ್ಟು ದೂರ ಹೊರಬಲ್ಲದು ಎಂಬ ಲೆಕ್ಕ ಹಿರಿಯರಿಗೆ ಇತ್ತು ಅನ್ನಿಸುತ್ತದೆ. ಎಲ್ಲರನ್ನೂ ಎಂದೆಂದಿಗೂ ನೆನಪಿಟ್ಟುಕೊಳ್ಳುತ್ತೇವೆ ಎಂದು ಹೊರಟರೆ ಬದುಕಿರುವವರಿಗೆ ಮನೆಯಲ್ಲಿ ಜಾಗ ಉಳಿಯುವುದಿಲ್ಲ. ಮರೆವನ್ನು ಅಪರಾಧ ಎಂದು ನಾನು ಒಪ್ಪಲಾರೆ.

ಆದರೆ ಅದೇ ಪದ್ಧತಿಯಲ್ಲಿ ಮಹಾಲಯ ಅಮಾವಾಸ್ಯೆಯೂ ಇದೆ. ತಿಥಿ ಗೊತ್ತಿಲ್ಲದವರಿಗೆ, ನೆನೆಯಲು ಮಕ್ಕಳಿಲ್ಲದವರಿಗೆ ಕೂಡ ಅಂದು ಎಳ್ಳುನೀರು ಸಲ್ಲುತ್ತದೆ. ಮರೆತವರೂ ನಮ್ಮವರೇ ಎಂದು ವರ್ಷಕ್ಕೊಮ್ಮೆ ಒಪ್ಪಿಕೊಳ್ಳುವ ದಿನ ಅದು. ತಾನಾಗಿ ಮರೆತುಹೋಗುವುದಕ್ಕೂ, ಇದ್ದವರನ್ನು ಇರಲೇ ಇಲ್ಲ ಎನ್ನುವಂತೆ ಮಾಡುವುದಕ್ಕೂ ವ್ಯತ್ಯಾಸವಿದೆ. ಆ ವ್ಯತ್ಯಾಸ ನನಗೆ ಅರ್ಥವಾದದ್ದು ಮುಂದಿನ ವಾರ.

ಮಾರ್ಗಶಿರದಲ್ಲಿ ಅಜ್ಜನ ತಿಥಿ. ಗೋಡೆಯ ಫೋಟೊ ಹೋಗಿತ್ತು. ಅಜ್ಜನ ಮುಖ ಸ್ಪಷ್ಟವಾಗಿರುವುದು ಈಗ ಒಂದೇ ಫೋಟೊದಲ್ಲಿ, ಪೆಟ್ಟಿಗೆಯಲ್ಲಿ ಸಿಕ್ಕಿದ್ದರಲ್ಲಿ. ನಾನು ಸ್ಕ್ಯಾನ್ ಮಾಡಿ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದ್ದೆ. ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗ ಅರ್ಧ ಗಂಟೆಯಲ್ಲಿ ‘ಸರಿಮಾಡಿ’ ಕಳಿಸಿದ. ಅಜ್ಜನೊಬ್ಬನೇ ಕುರ್ಚಿಯಲ್ಲಿ ಕೂತಿದ್ದಾನೆ. ಮೂಲೆಯ ಹುಳದ ಗುರುತು ಇಲ್ಲ. ಹುಡುಗಿ ಇದ್ದ ಕಡೆ ಪರದೆಯ ಕಂಬವೊಂದು ಎದ್ದು ನಿಂತಿದೆ. ಮೊದಲು ಬರೀ ಕತ್ತರಿಸಿದ್ದನಂತೆ, ಆದರೆ ಭುಜದ ಹತ್ತಿರ ನಾಲ್ಕು ಬೆರಳು ಉಳಿದುಬಿಟ್ಟವಂತೆ. ‘ನೋಡಿದ್ರೆ ಹೆದರಿಕೆ ಆಗ್ತಿತ್ತು ಅಣ್ಣ, ಅದಕ್ಕೆ ಎಐ ಹತ್ರ ತೆಗೆಸ್ದೆ’ ಅಂದ. ಗುಂಪಿನಲ್ಲಿ ಕೈಮುಗಿಯುವ ಚಿತ್ರಗಳು ಸಾಲಾಗಿ ಬಂದವು. ಅಪ್ಪನೂ ‘ಚೆನ್ನಾಗಿ ಬಂದಿದೆ, ದೊಡ್ಡದು ಮಾಡಿಸು’ ಎಂದರು.

ಸ್ಟಾಲಿನ್ ಮಾಸ್ಕೋ-ವೋಲ್ಗಾ ಕಾಲುವೆಯ ದಂಡೆಯಲ್ಲಿ ನಿಂತಿರುವ ಒಂದು ಪ್ರಸಿದ್ಧ ಫೋಟೊ ಇದೆ. ಮೂಲದಲ್ಲಿ ಅವನ ಪಕ್ಕ ರಹಸ್ಯ ಪೊಲೀಸ್ ಮುಖ್ಯಸ್ಥ ನಿಕೊಲಾಯ್ ಯೆಜೋವ್ ಇದ್ದ. 1940ರಲ್ಲಿ ಯೆಜೋವ್‌ನನ್ನು ಗುಂಡಿಕ್ಕಿ ಕೊಂದರು. ಫೋಟೊದಲ್ಲಿ ಅವನಿದ್ದ ಜಾಗಕ್ಕೆ ಕಾಲುವೆಯ ನೀರು ಬಂತು. ನನ್ನ ತಮ್ಮ ಸ್ಟಾಲಿನ್ ಅಲ್ಲ, ತುಂಬ ಒಳ್ಳೆಯ ಹುಡುಗ. ತಾತನ ಮೇಲಿನ ಪ್ರೀತಿಯಿಂದಲೇ ಮಾಡಿದ. ನನಗೆ ಭಯವಾದದ್ದು ಅದಕ್ಕೇ. ಸರ್ಕಾರವೊಂದು ನುರಿತ ಕೆಲಸಗಾರರನ್ನು ಇಟ್ಟುಕೊಂಡು ಮಾಡುತ್ತಿದ್ದ ಕೆಲಸ ಈಗ ಯಾವ ದುರುದ್ದೇಶವೂ ಇಲ್ಲದೆ, ಊಟದ ಬಿಡುವಿನಲ್ಲಿ, ಫೋನಿನಲ್ಲೇ ಮುಗಿದುಹೋಗುತ್ತದೆ. ಬೂಷ್ಟು ಅಜ್ಜನ ಮುಖ ತಿಂದಾಗ ಅಲ್ಲಿ ಒಂದು ಬಿಳಿ ಕಲೆಯಾದರೂ ಉಳಿಯಿತು, ಏನೋ ಹೋಗಿದೆ ಎಂದು ಹೇಳಲು. ಕಂಬ ಅದನ್ನೂ ಉಳಿಸಲಿಲ್ಲ. ಹತ್ತು ವರ್ಷದ ನಂತರ ನೋಡುವ ಮಗು ಅಲ್ಲಿ ಯಾರಿದ್ದರು ಎಂದು ಕೇಳುವುದೂ ಇಲ್ಲ.

ಹಳೆಯ ಫೋಟೊವನ್ನು ಸರಿಪಡಿಸುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ನಕಲಿನಲ್ಲಿ ಕಲೆ ತೆಗೆಯಲಿ, ಬೆಳಕು ಹೆಚ್ಚಿಸಲಿ. ಆದರೆ ಮೂಲ ಹೇಗಿದೆಯೋ ಹಾಗೆ ಉಳಿಯಬೇಕು, ಮತ್ತು ನಕಲು ತಾನು ನಕಲೆಂದು ಹೇಳಬೇಕು. ಕಾಣದ ಕಣ್ಣನ್ನು ಯಂತ್ರ ಊಹಿಸಿ ಬರೆದುಕೊಟ್ಟರೆ ಅದು ಚೆಂದದ ಕಣ್ಣೇ ಇರಬಹುದು, ಅಜ್ಜನದಂತೂ ಅಲ್ಲ.

ಫೋನು ಮಾಡಿ ಅಪ್ಪನಿಗೆ ಹೇಳಿದೆ, ಹಾಕುವುದಾದರೆ ಇಡೀ ಫೋಟೊ ಹಾಕೋಣ ಅಂತ. ಅತ್ತೆ ಒಪ್ಪಲಿಲ್ಲ. ‘ಅಮ್ಮ ಇಷ್ಟು ವರ್ಷ ಒಳಗಿಟ್ಟಿದ್ದನ್ನ ನೀನು ಜಗಲಿಗೆ ತರ್ತೀಯ? ಅವಳ ಫೋಟೊ ಪಕ್ಕಕ್ಕೇ?’ ಅವರ ಮಾತಿನಲ್ಲಿ ನ್ಯಾಯವಿತ್ತು. ನಾನು ಅಲ್ಲಿಯವರೆಗೆ ಮೊದಲಿನವರ ಪರವಾಗಿ ಮಾತ್ರ ಯೋಚಿಸಿದ್ದೆ. ಅಜ್ಜಿಯೂ ಈಗ ಮಾತಾಡಲಾಗದವಳೇ. ಐವತ್ತು ವರ್ಷ ಆ ಮನೆ ನಡೆಸಿದವಳ ಇಷ್ಟಕ್ಕೂ ಒಂದು ತೂಕವಿದೆ.

ಫ್ರಾನ್ಸಿನ ಲೇಖಕ ರೋಲಾಂ ಬಾರ್ಥ್ 1980ರಲ್ಲಿ ಛಾಯಾಚಿತ್ರದ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದ. ತೀರಿಕೊಂಡ ತಾಯಿಯ ಬಾಲ್ಯದ ಫೋಟೊ ಒಂದರ ಸುತ್ತ ಆ ಪುಸ್ತಕದ ಅರ್ಧ ಭಾಗ ಸುತ್ತುತ್ತದೆ. ಬೇರೆ ಹಲವು ಫೋಟೊಗಳನ್ನು ಅಚ್ಚು ಹಾಕಿಸಿದವನು ಅದೊಂದನ್ನು ಮಾತ್ರ ಹಾಕಲಿಲ್ಲ. ಅದು ತನಗೆ ಮಾತ್ರ ಅರ್ಥವಿರುವ ಫೋಟೊ, ಓದುಗರಿಗೆ ಇನ್ನೊಂದು ಹಳೆಯ ಚಿತ್ರ ಅಷ್ಟೇ ಎಂಬುದು ಅವನ ಕಾರಣ. ಉಳಿಸಿಕೊಳ್ಳುವುದು ಬೇರೆ, ತೋರಿಸುವುದು ಬೇರೆ ಎಂದು ಅದನ್ನು ಓದಿದಾಗ ಒಂದು ವಿಚಾರವಾಗಿ ಒಪ್ಪಿದ್ದೆ. ನಮ್ಮ ಅಜ್ಜಿ ಅದನ್ನು ಪೆಟ್ಟಿಗೆಯಲ್ಲಿ ಮಾಡಿ ತೋರಿಸಿದ್ದಳು. ನಾನೇ ಯಾರನ್ನೂ ಕೇಳದೆ ಗುಂಪಿಗೆ ಹಾಕಿ, ಕತ್ತರಿಸಲು ಕೊಟ್ಟಂತಾಗಿತ್ತು.

ಇನ್ನೊಂದು ಘಟನೆಯೂ ನೆನಪಾಗುತ್ತಿತ್ತು. 2011ರ ಮಾರ್ಚ್ 11ರಂದು ಜಪಾನಿನ ಈಶಾನ್ಯ ಕರಾವಳಿಗೆ ಸುನಾಮಿ ಅಪ್ಪಳಿಸಿತು. ನೀರು ಇಳಿದ ಮೇಲೆ ಕೆಸರಿನಲ್ಲಿ ಲಕ್ಷಾಂತರ ಫೋಟೊಗಳು ಸಿಕ್ಕವು. ಸೈನಿಕರು, ಅಗ್ನಿಶಾಮಕದವರು ಹೆಣ ಹುಡುಕುವ ನಡುವೆ ಆಲ್ಬಮ್ಮುಗಳನ್ನೂ ಎತ್ತಿಟ್ಟರು. ಸ್ವಯಂಸೇವಕರು ತಿಂಗಳುಗಟ್ಟಲೆ ಕೂತು ಒಂದೊಂದನ್ನೇ ತಣ್ಣೀರಿನಲ್ಲಿ ಮೆತ್ತಗೆ ತೊಳೆದು, ಹಗ್ಗಕ್ಕೆ ಕ್ಲಿಪ್ ಹಾಕಿ ಒಣಗಿಸಿ, ಶಾಲೆ, ಸಭಾಂಗಣಗಳಲ್ಲಿ ಜೋಡಿಸಿಟ್ಟರು. ಮನೆಮಠ ಕಳೆದುಕೊಂಡವರು ಬಂದು ಹುಡುಕಿ ತಮ್ಮವರನ್ನು ಒಯ್ದರು. ತೊಳೆದವರಿಗೆ ಆ ಮುಖಗಳು ಯಾರವೆಂದು ಗೊತ್ತಿರಲಿಲ್ಲ. ಯಾರಾದರೂ ಬಂದೇ ಬರುತ್ತಾರೆ ಎಂಬ ಭರವಸೆಯೂ ಇರಲಿಲ್ಲ. ಹೆಸರು ಗೊತ್ತಿಲ್ಲದ ಮುಖಕ್ಕೂ ಒಂದು ಋಣ ಇದೆ ಎಂದು ತಿಳಿದು ಕೆಲಸ ಮಾಡಿದರು. ಹೆಸರಿಲ್ಲದ ಕಾರಣಕ್ಕೆ ನಮ್ಮ ಮನೆಯ ಈ ಹುಡುಗಿ ಯಾರಿಗೂ ಸೇರದವಳು ಎನ್ನಲು ನನಗೆ ಬಾಯಿ ಬಾರದೆ ಹೋದದ್ದು ಅವರಿಂದಾಗಿ.

ತಿಥಿಗೆ ಎರಡು ದಿನ ಮುಂಚೆ ಊರಿಗೆ ಹೋದೆ. ಅತ್ತೆಯೂ ಬಂದಿದ್ದರು. ಅಡುಗೆಮನೆಯ ನಾಗಂದಿಗೆಯಿಂದ ಒಂದು ಹಿತ್ತಾಳೆ ಚೆಂಬು ಇಳಿಸಿ ನನ್ನ ಮುಂದೆ ಇಟ್ಟರು. ‘ಇದು ಅವರು ತವರಿಂದ ತಂದಿದ್ದಂತೆ. ಅಮ್ಮ ಇದರಲ್ಲೇ ತುಳಸಿಗೆ ನೀರು ಹಾಕ್ತಿದ್ಳು. ಕಂಠದ ಹತ್ರ ಏನೋ ಬರೆದಿತ್ತು ನೋಡು.’ ಕಿಟಕಿಯ ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದೆವು. ಎಷ್ಟೋ ವರ್ಷ ಹುಣಸೆಹಣ್ಣು ಹಾಕಿ ತಿಕ್ಕಿದ ಚೆಂಬು. ಅಕ್ಷರಗಳು ಸವೆದು ಹೋಗಿದ್ದವು. ಮೊದಲನೆಯದು ‘ಗೌ’ ಇರಬಹುದು ಎಂದು ನನಗನ್ನಿಸಿತು. ಅತ್ತೆಗೆ ‘ಗೋ’ ಎಂದು ಕಂಡಿತು. ಅದು ಅವರ ಹೆಸರೋ, ಕೊಡಿಸಿದ ಅವರಪ್ಪನ ಹೆಸರೋ ಹೇಳುವುದು ಹೇಗೆ?

ಅಪ್ಪ ಅಷ್ಟು ಹೊತ್ತು ಸುಮ್ಮನೆ ಕೂತಿದ್ದವರು, ‘ಇದ್ದವರು ಇದ್ದರು. ಇಲ್ಲ ಅನ್ನೋಕೆ ನಾವ್ಯಾರು?’ ಅಂದರು. ಕೊನೆಗೆ ಆದ ತೀರ್ಮಾನ ಇಷ್ಟು. ಜಗಲಿಯಲ್ಲಿ ಅಜ್ಜನ ಜಾಗ ಸದ್ಯಕ್ಕೆ ಖಾಲಿ ಇರಲಿ. ಇಡೀ ಫೋಟೊದ ನಕಲನ್ನು ನಡುಮನೆಯ ಒಳಗೋಡೆಗೆ, ಬಿಸಿಲು ಬೀಳದ ಕಡೆ, ಗಾಜಿಗೆ ತಾಗದಂತೆ ಕಟ್ಟು ಹಾಕಿಸಿ ಹಾಕುವುದು. ಮನೆಯವರು ನೋಡುತ್ತಾರೆ, ಬಂದು ಹೋಗುವವರಿಗೆಲ್ಲ ಉತ್ತರ ಹೇಳಬೇಕಾಗಿಲ್ಲ. ಅತ್ತೆಗೆ ಪೂರ್ತಿ ಸಮಾಧಾನವಾಗಲಿಲ್ಲ. ನನಗೂ ಆಗಲಿಲ್ಲ. ಇಬ್ಬರು ಹೆಂಗಸರಿಗೂ ನ್ಯಾಯ ಸಲ್ಲುವ ಗೋಡೆ ಆ ಮನೆಯಲ್ಲಿ ಇದೆಯೋ ಇಲ್ಲವೋ.

ಉಳಿದ ಫೋಟೊಗಳನ್ನೂ ಅಂದೇ ಹರಡಿಕೊಂಡು ಕೂತೆವು. ಅಂಟಿನ ಹಾಳೆಯ ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುವ ಆಲ್ಬಮ್ಮುಗಳಿಂದ, ಬಿಟ್ಟುಬಂದಷ್ಟನ್ನು ತೆಗೆದೆವು. ಆ ಅಂಟು ಹಳದಿಯಾಗಿ ಫೋಟೊವನ್ನೇ ತಿನ್ನುತ್ತದೆ. ಅಂಟಿಹೋದವನ್ನು ಹಾಗೇ ಬಿಟ್ಟು ಫೋಟೊ ತೆಗೆದುಕೊಂಡೆವು. ಒಣ ಬೂಷ್ಟನ್ನು ಅಂಗಳಕ್ಕೆ ಒಯ್ದು ಮೆತ್ತನೆಯ ಬ್ರಷ್‌ನಿಂದ ಹಾರಿಸಿದೆವು, ಒದ್ದೆ ಬಟ್ಟೆ ತಾಗಿಸಲಿಲ್ಲ. ಒಂದೊಂದರ ನಡುವೆ ಆಮ್ಲವಿಲ್ಲದ ಕಾಗದ ಇಟ್ಟು ಡಬ್ಬಿಗೆ ಹಾಕಿದೆವು. ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಹೆಸರು ಬರೆಯುವ ಕೆಲಸ. ಪೆನ್ನಿನ ಶಾಯಿ ಮುಂದಕ್ಕೆ ಇಳಿಯುತ್ತದೆ, ಹಾಗಾಗಿ ಮೆತ್ತನೆಯ ಪೆನ್ಸಿಲ್ಲಿನಿಂದ, ಒತ್ತದೆ, ಹಿಂಬದಿಯ ಅಂಚಿನಲ್ಲಿ. ‘ಇದು ಯಾರ ಉಪನಯನ?’ ‘ಈ ಮಗು ನೀನೋ ನಿನ್ನ ಅಕ್ಕನೋ?’ ಅಪ್ಪ, ಅತ್ತೆ ಜಗಳವಾಡುತ್ತ ಹೇಳಿದರು, ನಾನು ಬರೆದೆ. ನನ್ನ ಫೋನಿನಲ್ಲಿ ಸಾವಿರಾರು ಫೋಟೊಗಳಿವೆ. ಅವಕ್ಕೆ ಬೂಷ್ಟು ಬರುವುದಿಲ್ಲ. ಆದರೆ ಅವುಗಳ ಹಿಂದೆಯೂ ಯಾರೂ ಹೆಸರು ಬರೆದಿಲ್ಲ. ನವರಾತ್ರಿಯಲ್ಲಿ ಪುಸ್ತಕಗಳನ್ನು ಹೊರತೆಗೆದು ಪೂಜೆಗೆ ಇಡುವಾಗ ಈ ಡಬ್ಬಿಯನ್ನೂ ತೆರೆದು ನೋಡಬೇಕೆಂದು ಮಾತಾಡಿಕೊಂಡಿದ್ದೇವೆ. ಅಷ್ಟು ಹೊತ್ತಿಗೆ ಮಳೆಯೂ ಇಳಿದಿರುತ್ತದೆ.

ಕೊನೆಗೆ ಪೆಟ್ಟಿಗೆಯ ಫೋಟೊ ಉಳಿಯಿತು. ಅದರ ಹಿಂದೆ ಬರೆದೆ: ‘ಅಜ್ಜ ಮತ್ತು ಅವರ ಮೊದಲ ಹೆಂಡತಿ. ಹೆಸರು ಗೊತ್ತಿಲ್ಲ. ಚೆಂಬಿನ ಮೇಲೆ ಗೌ ಅಥವಾ ಗೋ. ಬಾಣಂತನದಲ್ಲಿ ತೀರಿಕೊಂಡರು. ಈ ಫೋಟೊ ಇಟ್ಟವರು ಅಜ್ಜಿ.’ ಕಾಗದದಲ್ಲಿ ಸುತ್ತಿ ಡಬ್ಬಿಗೆ ಹಾಕಲು ಹೊರಟಾಗ ಅತ್ತೆ ಕೈ ಹಿಡಿದರು. ‘ಆ ಸೀರೆ ಎಲ್ಲಿ?’ ಅಂದರು. ತಂದುಕೊಟ್ಟೆ. ಕಾಗದದ ಮೇಲೆ ಅದನ್ನೇ ಸುತ್ತಿ, ಮೊದಲಿದ್ದ ಹಾಗೆ ನಾಲ್ಕು ಮಡಿಕೆ ಮಾಡಿ, ಅವರೇ ಒಳಗಿಟ್ಟರು.